ಒರೆಸುವ ಮುನ್ನ ನೋಡಿ: ಸಂಗ್ರಹದ ನಾಣ್ಯದ ಮೇಲ್ಮೈ ದೋಷ ಪತ್ತೆ ಮಾಡುವ ಕೈಪಿಡಿ

ನಾಣ್ಯದ ಮೇಲೆ ಮಬ್ಬೋ ಕಲೆಯೋ ಕಂಡರೆ ಕೈ ತಾನಾಗಿಯೇ ಬಟ್ಟೆ ಹುಡುಕುತ್ತದೆ. ಮೆತ್ತಗೆ ಒಂದು ಸಲ ಒರೆಸಿದರೆ ಏನು ಮಹಾ ಆಗುತ್ತದೆ ಅನ್ನಿಸುತ್ತದೆ, ಅಲ್ವಾ? ಮೇಲ್ಮೈ ಕೆಡುವುದಕ್ಕೆ ಆ ಒಂದು ಸಲ ಸಾಕು. ಕೆಟ್ಟ ಮೇಲೆ ಮೊದಲಿನಂತೆ ಮಾಡುವ ಮದ್ದು ಯಾರ ಹತ್ತಿರವೂ ಇಲ್ಲ.

ಇಲ್ಲಿ ಬರೆದಿರುವುದು ಇಬ್ಬರಿಗೆ ಉಪಯೋಗಕ್ಕೆ ಬರುತ್ತದೆ. ಒಬ್ಬರು, ತಮ್ಮ ನಾಣ್ಯದಲ್ಲಿ ಏನೋ ಬದಲಾಗಿದೆ, ಈಗೇನು ಮಾಡಲಿ ಅನ್ನುವವರು. ಇನ್ನೊಬ್ಬರು, ಕೊಳ್ಳಬೇಕೆಂದಿರುವ ನಾಣ್ಯವನ್ನು ಯಾರಾದರೂ ಮೊದಲೇ ಉಜ್ಜಿದ್ದಾರಾ ಎಂದು ತಿಳಿಯಬೇಕಾದವರು. ಲಕ್ಷಣ ಯಾವುದೇ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಕಾಣುತ್ತಿರುವುದು ಲೋಹದ ಮೇಲೆ ಕೂತಿರುವ ವಸ್ತುವೋ, ಲೋಹಕ್ಕೇ ಆಗಿರುವ ಬದಲಾವಣೆಯೋ? ಮೇಲೆ ಕೂತದ್ದನ್ನು ಕೆಲವು ಸಲ ಉಜ್ಜದೆಯೇ ತೆಗೆಯಬಹುದು. ಲೋಹಕ್ಕೇ ಆದದ್ದನ್ನು ತೆಗೆಯಲು ಹೋದರೆ ಜೊತೆಗೆ ಲೋಹವೂ ಹೋಗುತ್ತದೆ.

ಒರೆಸಿದಾಗ ಆಗುವುದೇನು

ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಜೋರಾಗಿ ಒತ್ತುತ್ತಾರೆ. ಆ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಏರುಗೆರೆಗಳಾಗಿ ಉಳಿಯುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ವಾಲಿಸಿದಾಗ ಬೆಳಕಿನ ಪಟ್ಟಿಗಳು ಗಾಲಿಯ ಅರಗಳ ಹಾಗೆ ಸುತ್ತುತ್ತವಲ್ಲ, ಅದು ಈ ಗೆರೆಗಳಿಂದಲೇ. ಸಂಗ್ರಾಹಕರು ಇದನ್ನು ಕಾರ್ಟ್‌ವೀಲ್ ಅನ್ನುತ್ತಾರೆ. ಟಂಕಸಾಲೆಯ ಹೊಳಪೆಲ್ಲ ಇರುವುದು ಈ ಸೂಕ್ಷ್ಮ ಏರುತಗ್ಗಿನಲ್ಲಿ. ಅದು ಸವೆದರೆ ಹೊಳಪು ಹೋಯಿತು.

ಇನ್ನು ಬಟ್ಟೆಯ ವಿಷಯ. ಮೋಸ್ ಗಟ್ಟಿತನದ ಅಳತೆಯಲ್ಲಿ ಚಿನ್ನ, ಬೆಳ್ಳಿ, ತಾಮ್ರ ಮೂರೂ ಸುಮಾರು 2.5ರಿಂದ 3. ದೂಳಿನಲ್ಲಿ ಸೇರಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, 7. ಬಟ್ಟೆ ರೇಷ್ಮೆಯದ್ದಾದರೂ ಅಷ್ಟೇ, ಹತ್ತಿಯದ್ದಾದರೂ ಅಷ್ಟೇ. ಬಟ್ಟೆಗೂ ನಾಣ್ಯಕ್ಕೂ ನಡುವೆ ಸಿಕ್ಕಿಬಿದ್ದ ಆ ಕಣ ಹೋದ ದಾರಿಯುದ್ದಕ್ಕೂ ಗೀರುತ್ತದೆ. ತಾಮ್ರ-ನಿಕಲ್ ಬೆರೆತ ನಾಣ್ಯ ಸ್ವಲ್ಪ ಗಟ್ಟಿ. ಮರಳಿನ ಮುಂದೆ ಅದೂ ಮೆತ್ತಗೇ.

ರಾಸಾಯನಿಕದ ದಾರಿ ಬೇರೆ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಬೆಳ್ಳಿಯ ಮೇಲ್ಪದರ ಬೆಳ್ಳಿ ಸಲ್ಫೈಡ್ ಆಗುತ್ತದೆ. ಬೆಳ್ಳಿ ಕಪ್ಪಾಗುವುದು ಹೀಗೆ. ಅಂದರೆ ಆ ಕಪ್ಪಿನೊಳಗೆ ಇರುವುದು ನಾಣ್ಯದ್ದೇ ಬೆಳ್ಳಿ. ದ್ರಾವಣದಲ್ಲಿ ಅದ್ದಿ ಕಪ್ಪು ತೆಗೆದರೆ ಆ ಬೆಳ್ಳಿಯೂ ನೀರುಪಾಲು, ಏರುಗೆರೆಗಳ ತುದಿಯೂ ನೀರುಪಾಲು.

ಮೊದಲ ಪರೀಕ್ಷೆ: ಒಂದು ದೀಪ, ಒಂದು ಲೂಪ್ (ಸಣ್ಣ ಭೂತಗನ್ನಡಿ)

ಇದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ. ಎಷ್ಟೋ ಸಲ ಪೂರ್ತಿ ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ.

ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಹರಡಿದ ಬೆಳಕಿನಲ್ಲಿ ಸಣ್ಣ ಗೆರೆಗಳು ಅಡಗಿಕೊಳ್ಳುತ್ತವೆ. ಒಂದೇ ಬಲ್ಬ್ ಇರುವ ಮೇಜುದೀಪ ಹಾಕಿ. ಮೇಜಿನ ಮೇಲೆ ಟವೆಲ್ ಮಡಚಿ ಹಾಸಿ, ನಾಣ್ಯ ಕೈ ಜಾರಿದರೂ ಪೆಟ್ಟಾಗಬಾರದು. ಕೈ ತೊಳೆದು ಪೂರ್ತಿ ಒಣಗಿಸಿ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಅದರ ಮೇಲೆ ಬಾಗಿಕೊಂಡು ಮಾತಾಡಬೇಡಿ. ಸಿಡಿದ ಎಂಜಲಿನ ಹನಿ ಆ ಹೊತ್ತಿಗೆ ಕಾಣುವುದಿಲ್ಲ, ತಿಂಗಳುಗಳು ಕಳೆದ ಮೇಲೆ ತಾಮ್ರದ ಮೇಲೆ ಕಪ್ಪು ಚುಕ್ಕೆಯಾಗಿ ಮೇಲೇಳುತ್ತದೆ.

ಮೊದಲು ಬರಿಗಣ್ಣಿನಲ್ಲಿ ನೋಡಿ. ಆಮೇಲೆ 5ರಿಂದ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿಯಿರಿ. ನಾಣ್ಯವನ್ನು ವಾಲಿಸಿ, ಅದೇ ವಾಲಿನಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಗೆರೆಗೆ ಅಡ್ಡಲಾಗಿ ಬೆಳಕು ಬಿದ್ದಾಗ ಮಾತ್ರ ಅದು ಮಿಂಚುತ್ತದೆ. ಬೆಳಕು ಬರುವ ದಿಕ್ಕಿಗೇ ಸಾಗುವ ಗೆರೆ ಕಣ್ಣಿಗೆ ಬೀಳುವುದೇ ಇಲ್ಲ. ಫೋಟೋ ನೋಡಿ ಕೊಳ್ಳುವವರು ಇದನ್ನು ನೆನಪಿಡಬೇಕು. ಮೇಲಿನಿಂದ ನೇರವಾಗಿ ತೆಗೆದ ಒಂದೇ ಒಂದು ಫೋಟೋದಲ್ಲಿ ಒರೆಸಿದ ನಾಣ್ಯವೂ ಚೆನ್ನಾಗಿಯೇ ಕಾಣುತ್ತದೆ. ವಾಲಿಸಿ ತಿರುಗಿಸಿದ ವಿಡಿಯೋ ಕೇಳಿ.

ನಾಣ್ಯ ಪ್ಲಾಸ್ಟಿಕ್ ಕವಚದೊಳಗೆ ಇದ್ದರೆ ಗೀರು ಕವಚದ್ದೋ ನಾಣ್ಯದ್ದೋ ಅನ್ನುವ ಗೊಂದಲ ಬರುತ್ತದೆ. ಲೂಪನ್ನು ಹತ್ತಿರ ದೂರ ಮಾಡಿ ನೋಡಿ. ನಾಣ್ಯದ ಅಕ್ಷರ ಸ್ಪಷ್ಟವಾದಾಗ ಗೀರು ಮಸುಕಾದರೆ ಅದು ಕವಚದ್ದು.

ಲಕ್ಷಣ: ವಾಲಿಸಿದಾಗ ಕೂದಲೆಳೆಯಂಥ ಗೆರೆಗಳು

ಒರೆಸಿದ್ದಕ್ಕೆ ದೊಡ್ಡ ಸಾಕ್ಷಿ ಇದೇ. ಇದಕ್ಕೆ ಹೇರ್‌ಲೈನ್ ಅನ್ನುತ್ತಾರೆ. ಆದರೆ ಕಂಡ ಗೆರೆಯೆಲ್ಲ ಒರೆಸಿದ್ದಲ್ಲ. ತಪ್ಪು ತೀರ್ಪು ಕೊಟ್ಟು ಒಳ್ಳೆ ನಾಣ್ಯ ಬಿಟ್ಟವರೂ ಇದ್ದಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸೋಣ.

ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗವನ್ನು ಬಯಲು ಅಂತ ಕರೆಯೋಣ. ಬಯಲಿನಲ್ಲಿ ಕಾಣುವ ಒಂದು ಗೆರೆಯನ್ನು ಹಿಡಿದು, ಅದು ಹತ್ತಿರದ ಅಕ್ಷರದ ಬುಡ ಮುಟ್ಟಿದ ಮೇಲೆ ಏನಾಗುತ್ತದೆ ನೋಡಿ. ಟಂಕಸಾಲೆಯವರು ಅಚ್ಚನ್ನು ಉಜ್ಜಿ ನಯ ಮಾಡುವಾಗ ಅಚ್ಚಿನ ಮೇಲೆ ಗೀರು ಬೀಳುತ್ತದೆ. ಅಚ್ಚಿನ ಗೀರು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಅಚ್ಚಿನಲ್ಲಿ ಅಕ್ಷರ ಅಂದರೆ ಗುಂಡಿ. ಉಜ್ಜುವ ಸಾಧನ ಗುಂಡಿಯ ಒಳಗೆ ಇಳಿಯುವುದಿಲ್ಲ. ಹಾಗಾಗಿ ಅಚ್ಚಿನ ಗೆರೆ ಅಕ್ಷರದ ಬುಡದವರೆಗೆ ಬಂದು, ಅದರ ಅಡಿಗೆ ನುಗ್ಗಿದಂತೆ ನಿಂತು, ಆಚೆ ಬದಿಯಲ್ಲಿ ಮತ್ತೆ ಶುರುವಾಗುತ್ತದೆ. ಒರೆಸಿದ ಗೆರೆ ಹಾಗಲ್ಲ. ಅದು ಅಕ್ಷರದ ತಲೆಯ ಮೇಲೂ ಹತ್ತಿ ಹೋಗಿರುತ್ತದೆ. ಹತ್ತುವ ಮುನ್ನ ಬುಡದ ಮೂಲೆಯಲ್ಲಿ ಒಂದು ಚೂರು ಜಾಗ ಬಿಟ್ಟಿರುತ್ತದೆ. ಬಟ್ಟೆ ಆ ಸಂದಿಗೆ ಹೋಗಲು ಆಗುವುದಿಲ್ಲವಲ್ಲ.

ಇನ್ನೂ ಅನುಮಾನವೇ? ಉಬ್ಬೋ ತಗ್ಗೋ ನೋಡಿ. ದೀಪ ಎಡಗಡೆ ಇರಲಿ. ಉಬ್ಬುಗೆರೆಯಾದರೆ ಅದರ ಎಡ ಮಗ್ಗುಲು ಬೆಳಗುತ್ತದೆ, ಬಲಕ್ಕೆ ನೆರಳು. ಕೊರೆದ ಗೀರಾದರೆ ಉಲ್ಟಾ, ಎಡಕ್ಕೆ ನೆರಳು, ಬಲ ಗೋಡೆ ಮಿಂಚುತ್ತದೆ. ಲೂಪಿನಲ್ಲಿ ಇದನ್ನು ಹಿಡಿಯಲು ಕಣ್ಣು ಪಳಗಬೇಕು. ದಿನಬಳಕೆಯ ಚಿಲ್ಲರೆ ನಾಣ್ಯಕ್ಕೆ ನೀವೇ ಒಂದು ಗೀರು ಹಾಕಿ ಅಭ್ಯಾಸ ಮಾಡಿಕೊಳ್ಳಿ.

ಒರೆಸಿದ್ದು ಅಂತ ಮೋಸ ಮಾಡುವ ಗುರುತುಗಳು ಇನ್ನೂ ಇವೆ. ಜಾರುವ ಪ್ಲಾಸ್ಟಿಕ್ ಪಟ್ಟಿ ಇರುವ ಆಲ್ಬಮ್‌ನಲ್ಲಿ ಇಟ್ಟ ನಾಣ್ಯಕ್ಕೆ ಕೆನ್ನೆ, ಕೂದಲಿನಂಥ ಎತ್ತರದ ಭಾಗದ ಮೇಲಷ್ಟೇ ಒಂದೇ ದಿಕ್ಕಿನ ಗೆರೆಗಳು ಬೀಳುತ್ತವೆ. ಬಯಲು ಶುದ್ಧವಾಗಿರುತ್ತದೆ. ತುಂಬಾ ಹಳೆಯ ನಾಣ್ಯಗಳಲ್ಲಿ ಒರಟಾದ ಸಾಲುಗೀರುಗಳಿದ್ದರೆ ಅವು ಅರದ (ಲೋಹ ಉಜ್ಜುವ ಸಾಧನದ) ಗುರುತು ಇರಬಹುದು. ತೂಕ ಜಾಸ್ತಿ ಇದ್ದ ಬಿಲ್ಲೆಯನ್ನು ಅಚ್ಚೊತ್ತುವ ಮೊದಲೇ ಅರದಿಂದ ಉಜ್ಜಿ ತೂಕ ಸರಿ ಮಾಡುತ್ತಿದ್ದರು. ಒತ್ತಡ ಸಾಲದೆ ಹೋದ ಕಡೆ ಆ ಗೀರು ಉಳಿದುಬಿಡುತ್ತಿತ್ತು. ಇನ್ನು ಅಡ್ಡಾದಿಡ್ಡಿ ಸಣ್ಣ ಪೆಟ್ಟುಗಳು ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಆದವು.

ತೀರ್ಪು ಹೀಗೆ. ಒಂದೆರಡು ಒಂಟಿ ಗೆರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಪಟ್ಟೆಯಷ್ಟು ಜಾಗದಲ್ಲಿ ಹತ್ತಾರು ಗೆರೆ ಒಂದೇ ದಿಕ್ಕಿಗೆ ಸಾಗಿದ್ದರೆ, ಅಥವಾ ಸುತ್ತುಸುತ್ತಾಗಿ ಬಾಗಿದ್ದರೆ, ಯಾರೋ ಒರೆಸಿದ್ದಾರೆ. ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚೊತ್ತುವ ಪ್ರೂಫ್ ನಾಣ್ಯದ ಬಯಲು ಕನ್ನಡಿಯಾದ್ದರಿಂದ ಅದರಲ್ಲಿ ಟಿಶ್ಯೂ ಕಾಗದ ಸವರಿದ್ದೂ ಎದ್ದು ಕಾಣುತ್ತದೆ. ಪರಿಹಾರ ಇಲ್ಲ. ಮೇಣ, ಎಣ್ಣೆ, ಪೇಸ್ಟ್ ಸವರಿ ಗೆರೆ ಮುಚ್ಚುವವರಿದ್ದಾರೆ. ಅದು ಇನ್ನೊಂದು ದೋಷ ಸೇರಿಸುತ್ತದೆ, ಇರುವುದನ್ನು ಕಳೆಯುವುದಿಲ್ಲ.

ಲಕ್ಷಣ: ಹೊಳೆಯುತ್ತದೆ, ಆದರೆ ಜೀವ ಇಲ್ಲ

ವಾಲಿಸಿದಾಗ ಬೆಳಕಿನ ಅರಗಳು ಸುತ್ತುತ್ತವೆಯೇ ನೋಡಿ. ಸುತ್ತದೆ ಇಡೀ ಮುಖ ಒಂದೇ ಸಮ ಬೆಳಗಿದರೆ ಮೂರು ಸಾಧ್ಯತೆ.

ಬೆಳ್ಳಿ ಬಿಳಿಯಾಗಿ, ಸಪ್ಪೆಯಾಗಿ ಇದ್ದು ಗೆರೆ ಒಂದೂ ಇಲ್ಲದಿದ್ದರೆ ಅದನ್ನು ದ್ರಾವಣದಲ್ಲಿ ಜಾಸ್ತಿ ಹೊತ್ತು ಅಥವಾ ಜಾಸ್ತಿ ಸಲ ಅದ್ದಿರಬಹುದು. ಬೆಳ್ಳಿ ಅದ್ದುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಎಂಬ ರಾಸಾಯನಿಕ ಇರುತ್ತವೆ. ಕೆಲವು ಸೆಕೆಂಡಿನಲ್ಲಿ ಕಪ್ಪು ಮಾಯ. ಚೆನ್ನಾಗಿ ತೊಳೆಯದೆ ಬಿಟ್ಟರೆ ಅಕ್ಷರದ ಸಂದಿಯಲ್ಲಿ ಉಳಿದ ದ್ರಾವಣ ಮುಂದೆ ಹಳದಿ-ಕಂದು ಕಲೆ ಮಾಡುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯವೂ ಇದೇ ಜಾತಿ. ಮುಟ್ಟದೆ, ಉಜ್ಜದೆ ಆಗುವ ಕೆಲಸ ಅಂತ ಅದನ್ನು ತುಂಬಾ ಜನ ನಂಬುತ್ತಾರೆ. ಗಂಧಕ ಬಿಟ್ಟುಹೋಗುತ್ತದೆ, ಬೆಳ್ಳಿ ನಾಣ್ಯದ ಮೇಲೆಯೇ ಉಳಿಯುತ್ತದೆ, ಅಷ್ಟು ನಿಜ. ಆದರೆ ಹಾಗೆ ಉಳಿದ ಬೆಳ್ಳಿ ಒರಟಾಗಿ, ಸಡಿಲವಾಗಿ ಕೂರುತ್ತದೆ. ಮೊದಲಿನ ಏರುಗೆರೆ ವಾಪಸ್ ಬರುವುದಿಲ್ಲ. ಊಟದ ಚಮಚಕ್ಕೆ ಸರಿ, ನಾಣ್ಯಕ್ಕೆ ಬೇಡ.

ಅತಿ ಹೊಳಪು ಇದ್ದು, ಅಕ್ಷರದ ಮೂಲೆಗಳು ದುಂಡಗಾಗಿ, ಚಿತ್ರದ ಸಣ್ಣ ವಿವರ ಮಾಸಿದ್ದರೆ ಪಾಲಿಶ್ ಮಾಡಿದ್ದಾರೆ. ಬೆಳ್ಳಿ ಬೆಳಗುವ ಬಟ್ಟೆಯಲ್ಲೂ ಉಜ್ಜುಪುಡಿ ಸೇರಿರುತ್ತದೆ. ಹಲ್ಲುಜ್ಜುವ ಪೇಸ್ಟ್, ಸೋಡಾಪುಡಿ ಎರಡೂ ಉಜ್ಜುಪುಡಿಯೇ.

ಮೂರನೆಯದು ತಿರುಗುವ ತಂತಿಬ್ರಷ್ ಕೆಲಸ. ಹೊಸ ನಾಣ್ಯದ ಹೊಳಪು ತರಿಸಲು ಬೇಕೆಂದೇ ಮಾಡುವ ಮೋಸ ಇದು. ದೂರದಿಂದ ಚೆನ್ನಾಗಿ ಕಾಣುತ್ತದೆ. ಲೂಪಿನಲ್ಲಿ ನೋಡಿದರೆ ಬ್ರಷ್ ತಳ್ಳಿದ ಲೋಹ ಅಕ್ಷರದ ಒಂದು ಬದಿಗೆ ದಿಣ್ಣೆಯಾಗಿ ಒಟ್ಟಿರುತ್ತದೆ.

ಲಕ್ಷಣ: ಬಯಲು ಬೆಳ್ಳಗೆ, ಅಕ್ಷರದ ಸುತ್ತ ಕಪ್ಪು

ಓಡಾಡಿ ಸವೆದ ನಾಣ್ಯದಲ್ಲಿ ಸಂದಿಗಳಲ್ಲಿ ಕೊಳೆ ಇರುವುದು ಸಹಜ. ಆದರೆ ಬಯಲು ಬೂದು ಅಥವಾ ಕಂದಾಗಿ ನಿಧಾನಕ್ಕೆ ಸಂದಿಯ ಕಪ್ಪಿಗೆ ಇಳಿಯಬೇಕು. ಬಯಲು ಫಳಫಳ, ಅಕ್ಷರದ ಬುಡಕ್ಕೆ ಗೆರೆ ಕೊಯ್ದಂತೆ ಕಪ್ಪು ಅಂದರೆ ಯಾರೋ ಬಯಲು ಉಜ್ಜಿದ್ದಾರೆ. ಸವೆತಕ್ಕೂ ಹೊಳಪಿಗೂ ಹೊಂದಾಣಿಕೆ ಇದೆಯಾ ಕೇಳಿಕೊಳ್ಳಿ. ಮೂಗು, ಕಿವಿ ಸವೆದುಹೋದ ನಾಣ್ಯ ಹೊಸದರಂತೆ ಹೊಳೆಯಲು ಕಾರಣವೇ ಇಲ್ಲ.

ಲಕ್ಷಣ: ತಾಮ್ರ ಗುಲಾಬಿಯಾಗಿದೆ, ಕಿತ್ತಳೆಯಾಗಿದೆ

ಹೊಸ ತಾಮ್ರದ ನಾಣ್ಯದ ಕೆಂಪು ಬಣ್ಣ ಕಾಲ ಕಳೆದಂತೆ ಕೆಂಪು-ಕಂದು, ಆಮೇಲೆ ಪೂರ್ತಿ ಕಂದು ಆಗುತ್ತದೆ. ಈ ದಾರಿ ಒಂದೇ ಕಡೆಗೆ. ಕಂದು ಆದದ್ದು ತಾನಾಗಿ ಹಿಂದಕ್ಕೆ ಬರುವುದಿಲ್ಲ. ನಿಂಬೆರಸ, ವಿನೆಗರ್, ಹುಳಿ ಯಾವುದೇ ತಾಗಿಸಿದರೂ ಆಮ್ಲ ಆ ಕಂದು ಪದರವನ್ನು ಕರಗಿಸಿ ಕೆಳಗಿನ ಬೋಳು ತಾಮ್ರ ತೋರಿಸುತ್ತದೆ. ಅದೇ ಈ ಹಸಿ ಗುಲಾಬಿ ಬಣ್ಣ. ಟಂಕಸಾಲೆಯ ಕೆಂಪಿಗೆ ಆಳ ಇರುತ್ತದೆ, ಕಾರ್ಟ್‌ವೀಲ್ ಇರುತ್ತದೆ. ಇದಕ್ಕೆ ಎರಡೂ ಇಲ್ಲ.

ನಿಮ್ಮ ಕೈಯಿಂದಲೇ ಆಗಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಆಮ್ಲ ಪೂರ್ತಿ ತೆಗೆಯಿರಿ. ಅಲ್ಲಿಗೆ ನಿಲ್ಲಿಸಿ. ವರ್ಷಗಳು ಕಳೆದರೆ ಬಣ್ಣ ಮತ್ತೆ ಕಂದಾಗುತ್ತದೆ, ಆದರೆ ಚುಕ್ಕೆಚುಕ್ಕೆಯಾಗಿ, ಒಂದೇ ಸಮ ಇರುವುದಿಲ್ಲ.

ಲಕ್ಷಣ: ಬೆಳ್ಳಿಗೆ ಹಳದಿ, ನೀಲಿ, ಕಪ್ಪು

ಜನ ಸುಮ್ನೆ ಗಾಬರಿಯಾಗುವುದು ಇದಕ್ಕೆ. ಬೆಳ್ಳಿ ಸಲ್ಫೈಡ್ ಪದರ ತೆಳ್ಳಗಿದ್ದಾಗ ಬೆಳಕು ಅದರ ಮೇಲಿನಿಂದಲೂ ಅಡಿಯಿಂದಲೂ ತಿರುಗಿ ಬಂದು ಬೆರೆತು ಬಣ್ಣ ತೋರಿಸುತ್ತದೆ. ಪದರ ದಪ್ಪವಾದಂತೆ ಹಳದಿ, ಆಮೇಲೆ ಕೆನ್ನೇರಳೆ, ಆಮೇಲೆ ನೀಲಿ, ಕೊನೆಗೆ ಕಪ್ಪು. ಸಹಜವಾಗಿ ಬಂದ ಬಣ್ಣ ಈ ಕ್ರಮದಲ್ಲೇ ಅಂಚಿನಿಂದ ಒಳಕ್ಕೆ ಬಂದಿರುವುದು ಹೆಚ್ಚು. ಅದು ದೋಷವಲ್ಲ. ಚೆಂದದ ಬಣ್ಣ ಕಟ್ಟಿದ ನಾಣ್ಯಕ್ಕೆ ಸಂಗ್ರಾಹಕರು ಜಾಸ್ತಿ ಕೊಡುವುದೂ ಉಂಟು. ಕ್ರಮ ತಪ್ಪಿ, ಬಣ್ಣಗಳು ಗೀರುಗಳ ಒಳಗೂ ಸಮನಾಗಿ ಹರಿದಿದ್ದರೆ ಒರೆಸಿ ಆಮೇಲೆ ಬಣ್ಣ ಬರಿಸಿದ ಅನುಮಾನ ಪಡಬಹುದು.

ಮಾಡಬೇಕಾದ್ದು ನಾಣ್ಯಕ್ಕಲ್ಲ, ಇಟ್ಟ ಜಾಗಕ್ಕೆ. ಪೆಟ್ಟಿಗೆಯಲ್ಲಿ ರಬ್ಬರ್ ಬ್ಯಾಂಡ್ ಇದೆಯಾ? ಉಣ್ಣೆ ಬಟ್ಟೆ, ಹಳೆ ಪೇಪರ್, ಅಗ್ಗದ ರಟ್ಟು? ಇವೆಲ್ಲ ಗಂಧಕ ಬಿಡುವಂಥವು. ಹೊರಗೆ ಹಾಕಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ಕಪ್ಪು ತುಂಬಾ ದಪ್ಪವಾಗಿ ಪದರ ಪದರವಾಗಿದ್ದರೆ ಅದರ ಕೆಳಗೆ ಮೇಲ್ಮೈ ಆಗಲೇ ಕೆಟ್ಟಿರುತ್ತದೆ. ತೆಗೆದರೂ ಒಳ್ಳೆಯದೇನೂ ಸಿಗುವುದಿಲ್ಲ.

ಲಕ್ಷಣ: ಬೆರಳಚ್ಚು

ಬೆರಳಿನ ಬೆವರಲ್ಲಿ ಉಪ್ಪು, ಆಮ್ಲ, ಎಣ್ಣೆ ಮೂರೂ ಇವೆ. ಹೊಸದಾಗಿ ಬಿದ್ದ ಅಚ್ಚು ಇನ್ನೂ ಮೇಲೆ ಕೂತಿರುತ್ತದೆ, ಮುಂದೆ ಹೇಳುವ ಅಸಿಟೋನ್ ಅನ್ನುವ, ಜಿಡ್ಡು ಕರಗಿಸುವ ದ್ರವಕ್ಕೆ ಹೋಗುತ್ತದೆ. ಹಳೆಯದಾದರೆ ಬೆರಳಿನ ಸುಳಿಗಳು ಲೋಹಕ್ಕೇ ಕೊರೆದಿರುತ್ತವೆ. ಆಗ ಬಿಡಿ.

ಲಕ್ಷಣ: ಹಸಿರು

ಹಸಿರೆಲ್ಲ ಒಂದೇ ಅಲ್ಲ. ಕಿಲುಬು ಅಂತ ಒಟ್ಟಾಗಿ ಕರೆದು ಒಂದೇ ಮದ್ದು ಹಾಕುವುದರಿಂದ ತುಂಬಾ ನಾಣ್ಯ ಕೆಡುತ್ತವೆ. ಉಜ್ಜಬೇಡಿ. ಮೊದಲು ಯಾವ ಹಸಿರು ಅಂತ ನೋಡಿ.

ಜಿಗುಟಾಗಿ, ಹೊಳೆಯುವ ತಿಳಿಹಸಿರು ಲೋಳೆಯಂತಿದ್ದರೆ ನಾಣ್ಯ ಇಟ್ಟ ಪ್ಲಾಸ್ಟಿಕ್ ನೋಡಿ. ಮೆತ್ತಗೆ ಬಾಗುವ, ಬಿಸಿಲಿಗಿಟ್ಟ ಪ್ಲಾಸ್ಟಿಕ್ ವಾಸನೆ ಬರುವ ಕವರ್ ಆದರೆ ಅದು ಪಿವಿಸಿ. ಮೆತ್ತಗಾಗಲೆಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ವಸ್ತು ಒಸರುತ್ತದೆ, ಪಿವಿಸಿ ಹಳತಾಗುತ್ತಾ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಶುರುವಿನಲ್ಲಿ ಬರೀ ಮಂಜು ಮುಸುಕಿದ ಪಟ್ಟೆ ಕಾಣುತ್ತದೆ, ಹಸಿರು ಆಮೇಲೆ. ಇದು ಮೇಲೆ ಕೂತ ವಸ್ತು. ಬೇಗ ಹಿಡಿದರೆ ಅಸಿಟೋನ್ ಪೂರ್ತಿ ತೆಗೆಯುತ್ತದೆ. ತಡವಾದರೆ ಅಡಿಯಲ್ಲಿ ಆಮ್ಲ ತಿಂದ ಗುಳಿಗಳು ಉಳಿಯುತ್ತವೆ. ಒಂದು ನಾಣ್ಯದಲ್ಲಿ ಕಂಡರೆ ಅದೇ ಬಗೆಯ ಕವರಿನಲ್ಲಿರುವ ಎಲ್ಲವನ್ನೂ ಅವತ್ತೇ ಹೊರಗೆ ತೆಗೆಯಿರಿ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಪ್ಲಾಸ್ಟಿಕ್‌ನ ಕವರ್ ಆಗಬಹುದು. ಅದು ಗಟ್ಟಿ, ಮಡಚಿದರೆ ಪಟಪಟ ಅನ್ನುತ್ತದೆ.

ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಹಳೆ ತಾಮ್ರ, ಕಂಚಿನ ನಾಣ್ಯಗಳಲ್ಲಿ ಇರುತ್ತದೆ. ಹರಡುವುದಿಲ್ಲ, ಉದುರುವುದಿಲ್ಲ. ಲೋಹದ್ದೇ ಬದಲಾವಣೆ. ಕೆರೆದರೆ ಕೆಳಗೆ ಗುಳಿ ಸಿಗುತ್ತದೆ ಅಷ್ಟೇ. ಒಣ ಜಾಗದಲ್ಲಿಟ್ಟು ಸುಮ್ಮನಿರಿ.

ಮೂರನೆಯದೇ ಅಪಾಯದ್ದು. ಮಾಸಲು ತಿಳಿಹಸಿರು, ಪುಡಿಪುಡಿ, ಚುಕ್ಕೆಗಳಾಗಿ ಎದ್ದಿರುತ್ತದೆ. ಕಂಚಿನ ರೋಗ ಅನ್ನುತ್ತಾರೆ. ಲೋಹದೊಳಗೆ ಸೇರಿದ ಕ್ಲೋರೈಡ್, ಗಾಳಿಯ ತೇವ, ಆಮ್ಲಜನಕ ಮೂರೂ ಸೇರಿ ತಾಮ್ರವನ್ನು ತಿನ್ನುತ್ತಾ ಹೋಗುತ್ತವೆ. ತಿಳಿಯಲು ಸುಲಭದ ದಾರಿ ಇದೆ. ನಾಣ್ಯವನ್ನು ಕಪ್ಪು ಕಾಗದದ ಮೇಲೆ ಇಟ್ಟು ಒಂದೆರಡು ದಿನ ಬಿಡಿ. ಎತ್ತಿ ನೋಡಿದಾಗ ಕಾಗದದ ಮೇಲೆ ಹಸಿರು ಪುಡಿ ಉದುರಿದ್ದರೆ ರೋಗ ಇನ್ನೂ ನಡೆಯುತ್ತಿದೆ. ಕೂಡಲೇ ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವಾಂಶ ಶೇ 40ಕ್ಕಿಂತ ಕೆಳಗಿದ್ದರೆ ಅದು ಬಹುಮಟ್ಟಿಗೆ ತಡೆಯುತ್ತದೆ. ಇದರ ಚಿಕಿತ್ಸೆಗೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್, ಬೆಂಜೋಟ್ರಯಜೋಲ್ ಎಂಬ ರಾಸಾಯನಿಕ ಬಳಸುತ್ತಾರೆ. ಎರಡನೆಯದು ಆರೋಗ್ಯಕ್ಕೆ ಒಳ್ಳೆಯದಲ್ಲ. ಇಲ್ಲಿ ಮನೆಕೆಲಸ ನಿಲ್ಲಿಸಿ, ಲೋಹ ಸಂರಕ್ಷಣೆ ಗೊತ್ತಿರುವವರ ಕೈಗೆ ಕೊಡಿ.

ಲಕ್ಷಣ: ಬೆಳ್ಳಿಯ ಮೇಲೆ ಹಾಲಿನ ಕಲೆ, ಚಿನ್ನದ ಮೇಲೆ ಕೆಂಪು ಚುಕ್ಕೆ

ಹೊಸ ಶುದ್ಧಬೆಳ್ಳಿ ನಾಣ್ಯಗಳಲ್ಲಿ ಬಿಳಿ ಮಬ್ಬು ಕಲೆ ಬರುವುದು ಟಂಕಸಾಲೆಯಲ್ಲೇ ಬಿಲ್ಲೆ ತೊಳೆದ ವಸ್ತು ಉಳಿದು, ಕಾಯಿಸುವಾಗ ಮೇಲ್ಮೈಗೆ ಸೇರುವುದರಿಂದ ಅನ್ನುತ್ತಾರೆ. ನಿಮ್ಮ ತಪ್ಪಲ್ಲ. ಕೆನಡಾದ ಟಂಕಸಾಲೆ ರಾಯಲ್ ಕೆನಡಿಯನ್ ಮಿಂಟ್ 2018ರಲ್ಲಿ ಮಿಂಟ್‌ಶೀಲ್ಡ್ ಹೆಸರಿನ ತಂತ್ರ ತಂದದ್ದೇ ಈ ಕಲೆ ತಡೆಯಲು. ಅಸಿಟೋನ್‌ಗೆ ಹೋಗುವುದಿಲ್ಲ. ರಬ್ಬರ್‌ನಿಂದ ಉಜ್ಜಿ ತೆಗೆದ ಕಡೆ ಕಲೆಯ ಬದಲು ಹೇರ್‌ಲೈನ್ ಸಿಗುತ್ತದೆ. ಚಿನ್ನ ಕಿಲುಬು ಹಿಡಿಯುವುದಿಲ್ಲ, ಆದರೆ ಅದರಲ್ಲಿ ಬೆರೆಸಿದ ಅಥವಾ ಸಿಕ್ಕಿಕೊಂಡ ತಾಮ್ರದ ಕಣ ಹಿಡಿಯುತ್ತದೆ. ಕೆಂಪು ಚುಕ್ಕೆ ಅದೇ. ಬಿಟ್ಟುಬಿಡಿ.

ತೆಗೆಯಲೇಬೇಕಾದರೆ: ನೀರು, ಆಮೇಲೆ ಅಸಿಟೋನ್

ಮೇಲೆ ಕೂತ ವಸ್ತು ಅಂತ ಖಾತ್ರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಬಣ್ಣ ಹಚ್ಚಿದ ನಾಣ್ಯ, ಟಂಕಸಾಲೆಯೇ ಮೆರುಗೆಣ್ಣೆ ಹಚ್ಚಿದ ಪದಕ ಇವಕ್ಕೆ ಅಸಿಟೋನ್ ಬೇಡವೇ ಬೇಡ, ಬಣ್ಣ ಕರಗುತ್ತದೆ.

ಮೊದಲು ಡಿಸ್ಟಿಲ್ಡ್ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್, ಲವಣ ಇರುತ್ತವೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗಿಸಿ ಬಿಡಿ. ಮಣ್ಣು, ಉಪ್ಪು ತಾವಾಗಿ ಬಿಟ್ಟರೆ ಬಿಟ್ಟಿತು. ಬ್ರಷ್ ಮುಟ್ಟಬೇಡಿ. ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರವೂ ಬೇಡ, ಅದರ ಕಂಪನಕ್ಕೆ ನಾಣ್ಯ ತಳಕ್ಕೆ, ಕೊಳೆಯ ಕಣ ನಾಣ್ಯಕ್ಕೆ ಉಜ್ಜುತ್ತದೆ.

ಹೋಗದಿದ್ದರೆ ಶುದ್ಧ ಅಸಿಟೋನ್. ಉಗುರುಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಎಣ್ಣೆ, ಸುಗಂಧ, ಬಣ್ಣ ಇರುತ್ತವೆ. ಮುಚ್ಚಳ ಇರುವ ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಕರಗಿ ನಾಣ್ಯಕ್ಕೇ ಅಂಟಬಹುದು. ಮೊದಲ ಬಟ್ಟಲಲ್ಲಿ ಕೆಲವು ನಿಮಿಷ ನೆನೆಸಿ, ಮಗುಚಿ, ಮತ್ತೆ ಬಿಡಿ. ಪಿವಿಸಿ ಜಿಗುಟು ಹಳೆಯದಾದರೆ ಇನ್ನೂ ಹೊತ್ತು ಬೇಕು. ಆಮೇಲೆ ಅಂಚಿನಲ್ಲಿ ಎತ್ತಿ ಎರಡನೇ ಬಟ್ಟಲಿನ ಹೊಸ ಅಸಿಟೋನ್‌ಗೆ ಹಾಕಿ. ಈ ಎರಡನೇ ಸ್ನಾನ ತಪ್ಪಿಸಬೇಡಿ. ಮೊದಲ ಬಟ್ಟಲಲ್ಲಿ ಕರಗಿದ ಜಿಡ್ಡು ಅಸಿಟೋನ್ ಆರಿದಾಗ ನಾಣ್ಯದ ಮೇಲೇ ಉಂಗುರದಂತೆ ಉಳಿಯುತ್ತದೆ. ಎತ್ತಿ ಓರೆಯಾಗಿ ಹಿಡಿದರೆ ಸೆಕೆಂಡುಗಳಲ್ಲಿ ಆರುತ್ತದೆ. ಒರೆಸುವ ಪ್ರಶ್ನೆಯೇ ಬರುವುದಿಲ್ಲ.

ಇದೇ ಒಂದು ಪರೀಕ್ಷೆಯೂ ಹೌದು. ಅಸಿಟೋನ್ ಎಣ್ಣೆ, ಟೇಪಿನ ಅಂಟು, ಮೆರುಗೆಣ್ಣೆ, ಪಿವಿಸಿ ಒಸರನ್ನು ಕರಗಿಸುತ್ತದೆ. ಸಲ್ಫೈಡ್, ಗಟ್ಟಿ ಕಿಲುಬು, ತುಕ್ಕು ಇವನ್ನು ಮುಟ್ಟುವುದಿಲ್ಲ. ಹೋಗಲಿಲ್ಲ ಅಂದರೆ ಅದು ಲೋಹಕ್ಕೇ ಆದದ್ದು. ಇನ್ನೂ ಜೋರಿನ ದ್ರವ ಹುಡುಕುವ ಬದಲು ಅಲ್ಲಿಗೆ ಬಿಡಿ. ಕೆಲವು ಸಲ ಜಿಡ್ಡು ಹೋದ ಮೇಲೆ ಅಡಿಯಲ್ಲಿದ್ದ ಹೇರ್‌ಲೈನ್ ಕಾಣುತ್ತವೆ. ಅವು ಅಸಿಟೋನ್‌ನಿಂದ ಆದವಲ್ಲ, ಮೊದಲೇ ಇದ್ದವು.

ಎಚ್ಚರಿಕೆ

ಅಸಿಟೋನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರವ. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದರ ಆವಿಗೆ ಬೆಂಕಿ ತಾಗಬಹುದು. ಆವಿ ಗಾಳಿಗಿಂತ ಭಾರ, ನೆಲದುದ್ದಕ್ಕೂ ಹರಿದು ದೂರದ ಜ್ವಾಲೆಯವರೆಗೂ ಹೋಗುತ್ತದೆ. ಒಲೆ, ದೀಪ, ಸಿಗರೇಟು ಇರುವ ಕೋಣೆಯಲ್ಲಿ ಬಾಟಲಿ ತೆಗೆಯಬೇಡಿ. ಕಿಟಕಿ ತೆರೆದಿರಲಿ. ಸಾಮಾನ್ಯ ನೈಟ್ರೈಲ್ ಗ್ಲೌಸ್ ಇದಕ್ಕೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ.

ಸಯನೈಡ್ ವಿಷಯ ಹೇಳಲೇಬೇಕು. ಬೆಳ್ಳಿ ಬೆಳ್ಳಗಾಗುತ್ತದೆಂದು ಹಿಂದೆ ಸಂಗ್ರಾಹಕರೂ ಅದನ್ನು ಬಳಸುತ್ತಿದ್ದರು. ನಾಣ್ಯ ಅಧ್ಯಯನದ ಸಂಘವಾದ ಬ್ರಿಟಿಷ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾನ್ ಸ್ಯಾನ್‌ಫರ್ಡ್ ಸಾಲ್ಟಸ್ 1922ರಲ್ಲಿ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ನಾಣ್ಯ ತೊಳೆಯಲು ಇಟ್ಟುಕೊಂಡಿದ್ದ ಪೊಟ್ಯಾಸಿಯಂ ಸಯನೈಡನ್ನು ಜಿಂಜರ್ ಏಲ್ ಅಂತ ತಪ್ಪಾಗಿ ಕುಡಿದು ಸತ್ತರು. ಅವರು ಹೊಸಬರೇನೂ ಆಗಿರಲಿಲ್ಲ. ಯಾವ ದ್ರವವನ್ನೂ ಕುಡಿಯುವ ಲೋಟದಲ್ಲಿ ಹಾಕಬೇಡಿ, ಹೆಸರು ಬರೆಯದ ಬಾಟಲಿಯಲ್ಲಿ ಇಡಬೇಡಿ. ಎರಡು ದ್ರಾವಣ ಬೆರೆಸಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾರಿಗೆ ತೋರಿಸಬೇಕು

ಕಂಚಿನ ರೋಗ, ಬೆಲೆಬಾಳುವ ನಾಣ್ಯದ ಮೇಲೆ ಪಿವಿಸಿ, ಅಸಿಟೋನ್‌ಗೆ ಜಗ್ಗದ ಯಾವುದೇ ಕಲೆ, ನೆಲದಿಂದ ಸಿಕ್ಕ ಪ್ರಾಚೀನ ನಾಣ್ಯ. ಇವು ಬಂದರೆ ಕೈ ಹಿಂದಕ್ಕೆ. ಪ್ರಾಚೀನ ನಾಣ್ಯಗಳ ಲೆಕ್ಕವೇ ಬೇರೆ. ಮಣ್ಣಿನಿಂದ ಬಂದದ್ದನ್ನು ಒಂದಲ್ಲ ಒಂದು ರೀತಿ ತೊಳೆಯದೆ ಓದಲು ಆಗುವುದಿಲ್ಲ, ಹಾಗಾಗಿ ಅಲ್ಲಿ ತೊಳೆದದ್ದೇ ತಪ್ಪಲ್ಲ. ಆದರೆ ಶತಮಾನಗಳಲ್ಲಿ ಕಟ್ಟಿದ ಹಸಿರು-ಕಂದು ಪದರವನ್ನು ಕಿತ್ತು ಬೋಳು ಕಂಚು ತೋರಿಸುವುದು ತಪ್ಪು. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕೈ ಪಳಗಿದವರಿಗಷ್ಟೇ ಗೊತ್ತು.

ಅಮೆರಿಕದ ಪಿಸಿಜಿಎಸ್, ಎನ್‌ಜಿಸಿಯಂಥ ಗ್ರೇಡಿಂಗ್ ಸಂಸ್ಥೆಗಳು ನಾಣ್ಯದ ಸ್ಥಿತಿ ನೋಡಿ ಅದಕ್ಕೆ 1ರಿಂದ 70ರವರೆಗೆ ಅಂಕ ಕೊಡುತ್ತವೆ. ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ತಾಮ್ರದ ಸೆಂಟ್ ನಾಣ್ಯಗಳಿಗೆಂದು ಮಾಡಿದ ಅಳತೆ ಅದು. ಕೆಟ್ಟದಾಗಿ ತೊಳೆದ ನಾಣ್ಯಕ್ಕೆ ಅಂಕ ಸಿಗುವುದಿಲ್ಲ. ಡೀಟೇಲ್ಸ್ ಅಂತ ಬರೆದು ಕಾರಣ ಸೇರಿಸುತ್ತಾರೆ. ಪಿಸಿಜಿಎಸ್‌ನಲ್ಲಿ ತೊಳೆದದ್ದಕ್ಕೆ 92 ಅನ್ನುವ ಸಂಕೇತ ಇದೆ. ಈ ಎರಡೂ ಕಡೆ ಮೇಲೆ ಕೂತದ್ದನ್ನು ತೆಗೆದುಕೊಡುವ ಸಂರಕ್ಷಣಾ ಸೇವೆಯೂ ಸಿಗುತ್ತದೆ. ಗೀರು ಮಾತ್ರ ಅವರಿಂದಲೂ ಹೋಗುವುದಿಲ್ಲ.

ಅಂಥವರಿಗೆ ಕಳಿಸುವಾಗ ನಾಣ್ಯವನ್ನು ಹೇಗಿದೆಯೋ ಹಾಗೇ ಕಳಿಸಿ. ಚೆನ್ನಾಗಿ ಕಾಣಲಿ ಅಂತ ಕೊನೆಗಳಿಗೆಯಲ್ಲಿ ಸವರಬೇಡಿ. ಒಂದು ಚೀಟಿಯಲ್ಲಿ ನಾಣ್ಯ ಯಾವ ಕವರಿನಲ್ಲಿತ್ತು, ಕಲೆ ಯಾವಾಗ ಕಂಡಿತು, ನೀರು, ಅಸಿಟೋನ್ ಅಥವಾ ಬೇರೇನು ತಾಗಿಸಿದ್ದೀರಿ, ಎಷ್ಟು ಹೊತ್ತು, ಎಲ್ಲ ಬರೆದು ಜೊತೆಗಿಡಿ. ತಾಗಿಸಬಾರದ್ದು ತಾಗಿಸಿದ್ದರೂ ಬರೆಯಿರಿ. ಮುಂದೆ ಯಾವ ದ್ರವ ಹಾಕಬಹುದು, ಯಾವುದು ಹಾಕಬಾರದು ಎಂದು ಅವರು ತೀರ್ಮಾನಿಸುವುದು ಆ ಚೀಟಿ ನೋಡಿಯೇ.